ಹಾಡಿದರೆ ಇತಿಹಾಸ ಹಗುರಾಗದು

ರಾಣಿಯರ ಕಥೆಯನ್ನು ಪಾಪ್ ಗೀತೆಗಳಲ್ಲಿ ಹೇಳುವ ‘ಸಿಕ್ಸ್’ನಂಥ ನಾಟಕಗಳು ಇತಿಹಾಸವನ್ನು ಹಗುರಾಗಿಸುತ್ತವೆ, ಅಭಿಮಾನಿಗಳ ಕೇಕೆ ರಂಗಭೂಮಿಗೆ ಒಗ್ಗದು ಎಂಬ ವಾದವಿದೆ. ಈ ವಾದ ನಿಲ್ಲುವುದಿಲ್ಲ.

ಹಾಡು, ಕೇಕೆ ಎರಡೂ ಹಳೆಯವು. ಕೊಡಗಿನ ಅಪ್ಪಚ್ಚ ಕವಿ (1868–1944) ‘ಸಾವಿತ್ರಿ’, ‘ಕಾವೇರಿ’ ನಾಟಕಗಳಲ್ಲಿ ಹಾಡುಗಳನ್ನೇ ಹೆಣೆದರು. ಕಂಪನಿ ನಾಟಕದ ನಟರು ‘ಒನ್ಸ್ ಮೋರ್’ ಕೂಗಿಗೆ ಮತ್ತೆ ಹಾಡುತ್ತಿದ್ದರು.

ಕಲ್ಪನೆ ಬೆರೆಯುವುದು ಹಾಡಿನಲ್ಲಷ್ಟೇ ಅಲ್ಲ. ಮಾಸ್ತಿಯವರ ಐತಿಹಾಸಿಕ ಕಾದಂಬರಿ ‘ಚಿಕವೀರ ರಾಜೇಂದ್ರ’ ಗದ್ಯವೇ ಆದರೂ ಅಲ್ಲಿಯೂ ಕಲ್ಪನೆಯಿದೆ. ಪರೀಕ್ಷೆಗೊಳಪಡಬೇಕಾದದ್ದು ಸಂಗತಿ, ಸಂಗೀತವಲ್ಲ.

2017ರಲ್ಲಿ ಎಡಿನ್‌ಬರೋದಲ್ಲಿ ಮೊದಲು ಪ್ರದರ್ಶನಗೊಂಡ ‘ಸಿಕ್ಸ್’, ಎಂಟನೇ ಹೆನ್ರಿಯ ಆರು ಪತ್ನಿಯರಿಗೇ ಮಾತು ಕೊಟ್ಟಿತು. ಆದರೆ ನಮ್ಮಲ್ಲಿ 1809ರಲ್ಲಿ ಕೊಡಗಿನ ಪಟ್ಟಕ್ಕೆ ಬಂದ ದೇವಮ್ಮಾಜಿ, 1852ರಲ್ಲಿ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾದ ಕೊಡಗಿನ ರಾಜಕುಮಾರಿ ಗೌರಮ್ಮ ಇಂದಿಗೂ ಹೆಚ್ಚಾಗಿ ರಾಜರ ಕಥೆಯ ಅಡಿಟಿಪ್ಪಣಿಗಳು. ಅವರನ್ನು ಹಗುರಾಗಿಸಿದ್ದು ಹಾಡಲ್ಲ, ಉಪೇಕ್ಷೆ.