ಕೆಂಪು ದೀಪ ಹತ್ತಿಸಬೇಡಿ ಸ್ವಾಮೀ!

ಮನೆಯಲ್ಲಿರೋ ಹಳೇ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಿರುವ ಬ್ಲಾಗಿಗ ಮಿತ್ರರಿಗೆ ಒಂದು ಮಾತು. "ಲೆವೆಲ್ ಚೆನ್ನಾಗಿ ಏರಿಸಿ, ಮೀಟರು ಕೆಂಪು ಮುಟ್ಟಬೇಕು, ಆಗಲೇ ಸೌಂಡು ದಪ್ಪಗೆ ಬರೋದು" ಅಂತ ಯಾರಾದರೂ ಬುದ್ಧಿ ಹೇಳಿದರೆ ದಯವಿಟ್ಟು ಕೇಳಬೇಡಿ. ನಮ್ಮ ಬ್ಯಾಡರಹಳ್ಳಿಯಲ್ಲಂತೂ ಈ ಬುದ್ಧಿವಾದ ಪುಕ್ಕಟೆ ಸಿಗುತ್ತೆ :-)

ಈ ಮಾತು ಹುಟ್ಟಿದ್ದು ಟೇಪಿನ ಕಾಲದಲ್ಲಿ. ಆಗ ಅದು ಸರಿಯಾಗಿಯೇ ಇತ್ತು. ಕ್ಯಾಸೆಟ್ಟಿಗೆ 'ಸ್ಸ್‌ಸ್' ಅನ್ನೋ ಸದ್ದು ಹುಟ್ಟುಗುಣ. ಅದು ಹಾಡಿನ ಕೆಳಗೆ ಮುಚ್ಚಿಹೋಗಲಿ ಅಂತ ಲೆವೆಲ್ ಏರಿಸುತ್ತಿದ್ದರು. ಮುಳ್ಳು ಸೊನ್ನೆ ದಾಟಿದರೂ ಟೇಪು ಸ್ವಲ್ಪ ಸಹಿಸಿಕೊಳ್ಳುತ್ತಿತ್ತು. ಡಿಜಿಟಲ್‌ನಲ್ಲಿ ಸೊನ್ನೆ ಡೆಸಿಬಲ್ ಅಂದರೆ ತಾರಸಿ, ಅದರ ಮೇಲೆ ಅಂಕಿಯೇ ಇಲ್ಲ. ಮೇಲೆ ಹೋದ ದನಿಯ ತುದಿ ಕತ್ತರಿಸಿ ಚಪ್ಪಟೆಯಾಗುತ್ತೆ. ಆಮೇಲೆ ವಾಲ್ಯೂಮ್ ಇಳಿಸಿದರೂ ಆ ತುದಿ ವಾಪಸ್ ಬರಲ್ಲ. ಹಾಲು ಕಾಯಿಸುವಾಗ ಪಾತ್ರೆಯ ಬಾಯಿತನಕ ತುಂಬಿಸುತ್ತೀರಾ?

"ಲೆವೆಲ್ ಕಮ್ಮಿಯಾದರೆ ಕ್ವಾಲಿಟಿ ಹೋಗಲ್ವಾ?" ಲೆಕ್ಕ ನೋಡಿ. ಡಾಲ್ಬಿ ಇಲ್ಲದ ಮಾಮೂಲಿ ಕ್ಯಾಸೆಟ್ಟಿನಲ್ಲಿ ಹಾಡಿಗೂ ಸ್ಸ್‌ಸ್ ಸದ್ದಿಗೂ ಇರೋ ಅಂತರ ಸುಮಾರು 50-60 ಡೆಸಿಬಲ್. 16 ಬಿಟ್ ರೆಕಾರ್ಡಿಂಗಿನ ಅಂತರ ಸುಮಾರು 96. ಮೇಲೆ 12 ಬಿಟ್ಟರೂ 84 ಉಳಿಯುತ್ತೆ! 24 ಬಿಟ್‌ನಲ್ಲಿ ಇನ್ನೂ ಧಾರಾಳ. ಜಗತ್ತಿನ ಧ್ವನಿ ಸಂಗ್ರಹಾಲಯಗಳ ಸಂಘ ಐಎಎಸ್ಎ ಕೂಡ 2004ರಿಂದ ತನ್ನ ಮಾರ್ಗಸೂಚಿಯಲ್ಲಿ ಹೇಳೋದು ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್ ಅಂತಲೇ.

ಇಷ್ಟೊಂದು ಜಗಳ ಯಾಕೆ ಅಂತೀರಾ? 1978ರ 'ನಿತ್ಯೋತ್ಸವ' ಕ್ಯಾಸೆಟ್ ನಿಮ್ಮ ಕೈಯಲ್ಲಿ ಹಾಳಾದರೆ ಇನ್ನೊಬ್ಬರ ಮನೆಯಲ್ಲಿ ಸಿಗುತ್ತೆ. ನಮ್ಮ ಸೋದರತ್ತೆ ಹಾಡಿದ ಸೋಬಾನೆ ಪದಗಳು ಇದ್ದಿದ್ದು ಒಂದೇ ಕ್ಯಾಸೆಟ್ಟಿನಲ್ಲಿ. ಅದನ್ನು ಮನೆಯವರು ಅಂಗಡಿಯೊಂದರಲ್ಲಿ ಸೀಡಿ ಮಾಡಿಸಿದರು. ದನಿ ಏರಿದಲ್ಲೆಲ್ಲ ಕರಕರ. ಕೇಳಿದರೆ "ಹಳೇ ಟೇಪು ಸಾರ್, ಇಷ್ಟೇ ಬರೋದು" ಅಂದರು. ಸುಳ್ಳು! ಆ ಟೇಪನ್ನು ನಾನು ಎಷ್ಟೋ ಸಲ ಕೇಳಿದ್ದೆ, ದನಿ ನೆಟ್ಟಗಿತ್ತು. ಮತ್ತೆ ಮಾಡಿಸೋಣ ಅಂದರೆ ಅಷ್ಟರಲ್ಲಿ ಕ್ಯಾಸೆಟ್ಟು ಕಸದ ಗಾಡಿ ಹತ್ತಿತ್ತು. ಅತ್ತೆ ಈಗಿಲ್ಲ.

ಮಾಡಬೇಕಾದ್ದು ಇಷ್ಟೇ. ಡೆಕ್ಕಿನ ಲೈನ್ ಔಟ್‌ನಿಂದ ಲೈನ್ ಇನ್‌ಗೆ ವೈರ್ ಹಾಕಿ, ಮೈಕ್ ತೂತಿಗಲ್ಲ. ಲೆವೆಲ್ಲನ್ನು ತಾನೇ ಏರಿಸಿ ಇಳಿಸೋ ಸೌಲಭ್ಯ, ಮೈಕ್ ಬೂಸ್ಟ್ ಎಲ್ಲ ಆಫ್ ಮಾಡಿ. ಟೇಪಿನಲ್ಲಿ ಅತಿ ಜೋರಾಗಿರೋ ಜಾಗ ಹುಡುಕಿ, ಅಲ್ಲಿ ಮೀಟರು ಮೈನಸ್ 12ರಿಂದ ಮೈನಸ್ 6ರೊಳಗೆ ನಿಲ್ಲೋ ಹಾಗೆ ಇಟ್ಟು, ಆಮೇಲೆ ಮೊದಲಿನಿಂದ ರೆಕಾರ್ಡ್ ಮಾಡಿ. ಮೂಲ ಪ್ರತಿ ವೇವ್ ಫೈಲಾಗಿರಲಿ. ಸೌಂಡು ಸಾಲದಿದ್ದರೆ ಅದರ ನಕಲನ್ನು ಆಡಾಸಿಟಿಯಲ್ಲಿ ಏರಿಸಿಕೊಳ್ಳಿ, ಎಂಪಿ3 ಮಾಡಿ, ನಿಮ್ಮಿಷ್ಟ.

ಮತ್ತೆ, ಪೂರ್ತಿ ಕೂತು ಕೇಳೋವರೆಗೂ ಆ ಕ್ಯಾಸೆಟ್ಟನ್ನು ಯಾರ ಕೈಗೂ ಕೊಡಬೇಡಿ. ಕೇಳಿದ ಮೇಲೂ ಬಿಸಾಡಬೇಡಿ.