ಹಳೆಯ ಇಂಜಿನು

ಅಂತೂರ ಬೆಂತೂರದಿಂದ ಗದಗಿಗೆ ಬಾಡಿಗೆ ಓಡುವ ನಮ್ಮ ತಂದೆಯವರ ಅಂಬಾಸಡರ್ ಕಾರು ಈ ವರ್ಷ ನೀಲಿ ಹೊಗೆ ಉಗುಳತೊಡಗಿತು. ಆ ಕಾರಿನ ತಯಾರಿಕೆ 2014ರಲ್ಲಿಯೇ ನಿಂತಿದೆ. “ಗುಜರಿಗೆ ಹಾಕ್ರಿ” ಎಂದರು ಕೆಲವರು. “ಹಳೇದೇ ಗಟ್ಟಿ, ಬೋರು ಮಾಡಸ್ರಿ” ಎಂದರು ಕೆಲವರು. ಯಾರೊಬ್ಬರೂ ಬಾನೆಟ್ಟು ಎತ್ತಿ ನೋಡಿರಲಿಲ್ಲ.

“ನೀ ಓದಿದಾಂವ, ನೀನ ಹೇಳು” ಎಂದರು ತಂದೆ. ಮನೆತನದ ಮೊದಲ ಬಿ.ಎ. ವಿದ್ಯಾರ್ಥಿಯಾದ ನಾನು ಬಾಯಿ ಬಿಡಲಿಲ್ಲ.

ಮಿಸ್ತ್ರಿ ಮಾತ್ರ ಪ್ಲಗ್ಗು ಬಿಚ್ಚಿ ಕಂಪ್ರೆಶನ್ ಅಳೆದರು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದರು. ಒತ್ತಡ ಏರಿದರೆ ರಿಂಗು ಅಥವಾ ಬೋರು ಸವೆದಿದೆ, ಏರದಿದ್ದರೆ ವಾಲ್ವಿನ ದೋಷವಿರಬಹುದು ಎಂದು ತಿಳಿಸಿದರು. ಏರಿತು. ಬಳಿಕ ಇಂಜಿನು ಇಳಿಸಿ ನೋಡಿದರೆ ಬ್ಲಾಕು ಬಿರಿದಿರಲಿಲ್ಲ, ಕ್ರ್ಯಾಂಕು ಕೆಟ್ಟಿರಲಿಲ್ಲ. ಅವು ಕೆಟ್ಟಿದ್ದರೆ ಕೈಬಿಡುವುದೇ ಲೇಸಾಗಿತ್ತು.

ಆಗ ಖರ್ಚನ್ನು ಒಂದು ಕಡೆ, ವರ್ಷದ ಬಾಡಿಗೆಯನ್ನು ಇನ್ನೊಂದು ಕಡೆ ಬರೆದೆ. ಬಾಡಿಗೆಯೇ ಹೆಚ್ಚಾಯಿತು. ಖರ್ಚಿಗಿದ್ದುದು ನನ್ನ ಎಂ.ಎ.ಗೆಂದು ಕೂಡಿಟ್ಟ ಹಣ. ಆದರೂ “ಮಾಡಸ್ರಿ” ಎಂದೆ.

ಮಿತ್ರರೆ, ಹಳೆಯದೆಂಬ ಮಮತೆಯಾಗಲಿ, ಹೊಗೆ ಕಂಡ ತಾತ್ಸಾರವಾಗಲಿ ತೀರ್ಪಲ್ಲ. ಅಳೆದು, ಲೆಕ್ಕ ಹಾಕಿ ಹೇಳುವುದೇ ತೀರ್ಪು. ಮೂರು ವರ್ಷ ಓದಿಯೂ ನಾನು ಇದನ್ನು ಕಲಿತದ್ದು ಗ್ಯಾರೇಜಿನಲ್ಲಿ. ಎಂ.ಎ. ಒಂದು ವರ್ಷ ತಡವಾದೀತು. ಮನೆಯ ಒಲೆ ಆರದು.