ಹಲಸೂರಿನ ಕಲ್ಲಿನಲ್ಲಿ ಎಲೆಯ ಗುರುತಿಲ್ಲ, ಏಕೆ?

ಹಲಸೂರಿನಲ್ಲಿ ಮನೆಯೊಂದಕ್ಕೆ ಪಾಯ ತೋಡುತ್ತಿದ್ದರು. ಒಂದಾಳುದ್ದ ಮಣ್ಣು ತೆಗೆದ ಮೇಲೆ ಬಂಡೆ ಸಿಕ್ಕಿತು. ಒಡೆದು ರಾಶಿ ಹಾಕಿದ್ದ ಚೂರುಗಳಲ್ಲಿ ಒಂದನ್ನು ಪಕ್ಕದ ಮನೆಯ ಎಂಟನೆಯ ತರಗತಿಯ ಹುಡುಗ ಎತ್ತಿಕೊಂಡು ಬಂದ. ಬಿಳಿಯ ಕಲ್ಲಿನಲ್ಲಿ ಸಾಲುಸಾಲಾಗಿ ಕಪ್ಪು ಗೆರೆಗಳು. ಥೇಟ್ ಪುಸ್ತಕದಲ್ಲಿದ್ದ ಕಲ್ಲಿದ್ದಲಿನ ಕಾಲದ ಜರೀಗಿಡದ ಎಲೆಯ ಹಾಗೆ!

"ಅಪ್ಪಾ, ಇದು ಪಳೆಯುಳಿಕೆ ಅಲ್ವಾ?"

"ಇರಬಹುದು ಕಣೋ. ನಿಮ್ಮ ಮೇಷ್ಟ್ರನ್ನು ಕೇಳು" ಎಂದರು ಅಪ್ಪ.

ಅದು ಪಳೆಯುಳಿಕೆಯಲ್ಲ. ಕೇಳಿದರೆ ಹುಡುಗನ ಮುಖ ಬಾಡುವುದು ಸಹಜ. ಆದರೆ ಏಕೆ ಅಲ್ಲ ಎಂಬುದನ್ನು ತಿಳಿದರೆ ಆ ಚೂರನ್ನು ಅವನು ಎಸೆಯಲಾರ.

ಕಲ್ಲಿದ್ದಲಿನ ಕಾಲ

ಭೂಮಿಯ ಚರಿತ್ರೆಯಲ್ಲಿ ಸುಮಾರು 35.9 ಕೋಟಿ ವರ್ಷಗಳ ಹಿಂದಿನಿಂದ 29.9 ಕೋಟಿ ವರ್ಷಗಳ ಹಿಂದಿನವರೆಗಿನ ಅವಧಿಗೆ ಕಾರ್ಬಾನಿಫೆರಸ್ ಎಂದು ಹೆಸರು. ಕಲ್ಲಿದ್ದಲನ್ನು ಹೊತ್ತದ್ದು ಎಂದು ಅದರ ಅರ್ಥ. 1822ರಲ್ಲಿ ಕಾನಿಬೇರ್ ಮತ್ತು ಫಿಲಿಪ್ಸ್ ಎಂಬ ಇಬ್ಬರು ಇಂಗ್ಲೆಂಡಿನ ಭೂವಿಜ್ಞಾನಿಗಳು ಈ ಹೆಸರನ್ನು ಬಳಕೆಗೆ ತಂದರು. ಆಗ ಯುರೋಪ್ ಮತ್ತು ಉತ್ತರ ಅಮೆರಿಕದ ನೆಲವು ಸಮಭಾಜಕ ವೃತ್ತದ ಬಳಿಯಿತ್ತು. ಜೌಗು ನೆಲದಲ್ಲಿ 30 ಮೀಟರ್‌ಗೂ ಎತ್ತರದ ಲೆಪಿಡೋಡೆಂಡ್ರಾನ್ ಮರಗಳು ಬೆಳೆದಿದ್ದವು. ರೆಕ್ಕೆ ಬಿಚ್ಚಿದರೆ ಎರಡು ಅಡಿಗೂ ಮೀರುವ, ಏರೋಪ್ಲೇನ್ ಚಿಟ್ಟೆಯನ್ನು ಹೋಲುವ ಕೀಟಗಳು ಹಾರಾಡುತ್ತಿದ್ದವು. ಬಿದ್ದ ಮರಗಳು ಗಾಳಿಯಾಡದ ನೀರಿನಲ್ಲಿ ಪೂರ್ತಿ ಕೊಳೆಯಲಿಲ್ಲ. ಅವುಗಳ ಮೇಲೆ ಮಣ್ಣು, ಮರಳು ಪದರಪದರವಾಗಿ ಕೂತು, ಒತ್ತಡ ಮತ್ತು ಶಾಖಕ್ಕೆ ಸಿಕ್ಕಿ ಕಲ್ಲಿದ್ದಲಾಯಿತು. ನಡುವಿನ ಪದರಗಳಲ್ಲಿ ಎಲೆಗಳ ಅಚ್ಚು ಉಳಿಯಿತು.

ಭಾರತದ ಕಥೆಯೇ ಬೇರೆ. ಆ ಅವಧಿಯ ಕೊನೆಯಲ್ಲಿ ನಮ್ಮ ನೆಲ ಅಂಟಾರ್ಕ್ಟಿಕ, ಆಸ್ಟ್ರೇಲಿಯ, ಆಫ್ರಿಕಗಳ ಜೊತೆ ಗೊಂಡ್ವಾನ ಎಂಬ ಒಂದೇ ಮಹಾಖಂಡವಾಗಿ ದಕ್ಷಿಣ ಧ್ರುವದತ್ತ ಇತ್ತು. 1850ರ ದಶಕದಲ್ಲಿ ಬ್ಲ್ಯಾನ್‌ಫರ್ಡ್ ಸೋದರರು ಒಡಿಶಾದ ತಾಲ್ಚೇರ್ ಬಳಿ ಕಂಡ ಗುಂಡುಕಲ್ಲುಗಳ ಪದರ ಹಿಮನದಿ ತಂದು ಸುರಿದದ್ದು ಎಂದು ಹೇಳಿದರು. ಸುಡುಬಿಸಿಲಿನ ಒಡಿಶಾದಲ್ಲಿ ಹಿಮನದಿಯೇ! ಆ ಮಾತು ನಿಜವೆಂದು ಮುಂದೆ ಖಚಿತವಾಯಿತು. ಹಿಮ ಕರಗಿದ ಮೇಲೆ, ಪರ್ಮಿಯನ್ ಅವಧಿಯಲ್ಲಿ, ಗ್ಲಾಸಾಪ್ಟೆರಿಸ್ ಎಂಬ ಮರಗಳ ಕಾಡು ಬೆಳೆಯಿತು. ನಮ್ಮ ದೇಶದ ಕಲ್ಲಿದ್ದಲಿನ ಬಹುಪಾಲು ಆ ಕಾಡಿನದು. 1912ರಲ್ಲಿ ದಕ್ಷಿಣ ಧ್ರುವದಿಂದ ಹಿಂತಿರುಗುವಾಗ ಮಡಿದ ಸ್ಕಾಟ್ ಮತ್ತು ಸಂಗಡಿಗರು ಕೊನೆಯವರೆಗೂ ಬಿಡದೆ ಎಳೆದು ತಂದಿದ್ದ ಸುಮಾರು 16 ಕಿಲೋ ಕಲ್ಲುಗಳಲ್ಲಿ ಇದೇ ಗಿಡದ ಎಲೆಯ ಅಚ್ಚು ಇತ್ತು.

ನಮ್ಮ ಕಾಲಡಿಯ ಬಂಡೆ

ಹಲಸೂರಿನ ಬಂಡೆ ಇಷ್ಟಕ್ಕೂ ಎಷ್ಟೋ ಮೊದಲಿನದು. ಇದರ ಹೆಸರು ನೈಸ್ ಶಿಲೆ. ಲಾಲ್‌ಬಾಗಿನ ಗುಡ್ಡವೂ ಇದೇ ಜಾತಿಯದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಇದರ ವಯಸ್ಸು ಸುಮಾರು 300 ಕೋಟಿ ವರ್ಷ. ಆಗ ಭೂಮಿಯ ಮೇಲೆ ಎಲೆಯೇ ಇರಲಿಲ್ಲ; ಇದ್ದದ್ದು ಬರಿಗಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮಾತ್ರ. ಅದೂ ಅಲ್ಲದೆ, ಈ ಕಲ್ಲು ಹುಟ್ಟಿದ್ದು ನೆಲದ ಮೇಲಲ್ಲ, ಹಲವು ಕಿಲೋಮೀಟರ್ ಆಳದಲ್ಲಿ, ಎಲ್ಲವನ್ನೂ ಮೆದುವಾಗಿಸುವ ಶಾಖದಲ್ಲಿ. ಅಲ್ಲಿ ಎಲೆಯ ಗುರುತು ಉಳಿಯುವುದುಂಟೇ?

ಹಾಗಾದರೆ ಆ ಕಪ್ಪು ಗೆರೆಗಳೇನು? ಭೂತಗನ್ನಡಿ ಹಿಡಿದು ನೋಡಿ. ಬಿಳಿಯ ಭಾಗ ಬೆಣಚುಕಲ್ಲು ಮತ್ತು ಫೆಲ್ಡ್‌ಸ್ಪಾರ್. ಮಿರಮಿರ ಮಿಂಚುವ ಕಪ್ಪು ಹರಳು ಅಭ್ರಕ. ಶಾಖ ಮತ್ತು ಒತ್ತಡದಲ್ಲಿ ಇವು ಬೇರೆಬೇರೆ ಪಟ್ಟಿಗಳಾಗಿ ಕೂಡಿಕೊಂಡಿವೆ. ಎಲೆಯ ಅಚ್ಚಿನಲ್ಲಿ ನಡುದಿಂಡು, ಅದರಿಂದ ಕವಲೊಡೆದ ನರಗಳು ಇರುತ್ತವೆ. ಇಲ್ಲಿ ಇರುವುದು ಹರಳುಗಳ ಸಾಲು.

ರೈಲಿನ ಲೆಕ್ಕ

300 ಕೋಟಿ ಎಂದರೆ ಮಕ್ಕಳಿಗೇನು, ದೊಡ್ಡವರಿಗೂ ಅಂದಾಜು ಸಿಗದು. ಒಂದು ಉಪಾಯವಿದೆ. 1864ರಲ್ಲಿ ಜೋಲಾರಪೇಟೆಯಿಂದ ಕಂಟೋನ್ಮೆಂಟಿಗೆ ರೈಲು ಬಂತಲ್ಲ, ಅದೇ ದಾರಿಯಲ್ಲಿ ಕಂಟೋನ್ಮೆಂಟಿನಿಂದ ಕೆ.ಆರ್. ಪುರಕ್ಕೆ ಸುಮಾರು 10 ಕಿಲೋಮೀಟರ್. ನಮ್ಮ ಕಲ್ಲು ಕಂಟೋನ್ಮೆಂಟಿನಲ್ಲಿ ಹುಟ್ಟಿತು, ಕೆ.ಆರ್. ಪುರ ಎಂದರೆ ಇವತ್ತು ಎಂದುಕೊಳ್ಳಿ. ಒಂದು ಕಿಲೋಮೀಟರಿಗೆ 30 ಕೋಟಿ ವರ್ಷ. ಬೈಯಪ್ಪನಹಳ್ಳಿ ದಾಟಿದರೂ ಪ್ರಾಣಿ ಎನ್ನುವಂಥದು ಒಂದೂ ಇಲ್ಲ. ಕೆ.ಆರ್. ಪುರ ಇನ್ನು 1,200 ಮೀಟರ್ ಇರುವಾಗ ಕಾರ್ಬಾನಿಫೆರಸ್ ಆರಂಭ. 200 ಮೀಟರಿನಲ್ಲಿ ಮುಗಿದೇ ಹೋಯಿತು. ದೈತ್ಯ ಡೈನೊಸಾರ್‌ಗಳು ಅಳಿದಾಗ ನಿಲ್ದಾಣಕ್ಕೆ 220 ಮೀಟರ್ ಬಾಕಿ. ಮನುಷ್ಯಕುಲದ 3 ಲಕ್ಷ ವರ್ಷ ಕೊನೆಯ ಒಂದು ಮೀಟರ್!

ಇಲ್ಲದ ಪುಟ

ಕಾರ್ಬಾನಿಫೆರಸ್ ಕಾಲದ ಪದರಗಳು ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯಲ್ಲಿವೆ, ಕರ್ನಾಟಕದಲ್ಲಿಲ್ಲ. ಆಳದಲ್ಲಿ ಹುಟ್ಟಿದ ಬಂಡೆ ಇವತ್ತು ನಮ್ಮ ಕಾಲಡಿಯಲ್ಲಿದೆ ಎಂದರೆ, ಅದರ ಮೇಲಿದ್ದ ಕಿಲೋಮೀಟರುಗಟ್ಟಲೆ ಕಲ್ಲನ್ನು ಮಳೆ ಗಾಳಿ ಸವೆಸಿ ಒಯ್ದಿವೆ ಎಂದರ್ಥ. ಪದರಗಳು ಕೂತು ಉಳಿಯಲು ತಗ್ಗು ಬೇಕು. ಈ ಸೀಮೆ ಸವೆಯುವ ನೆಲ.

ಇದರ ಫಲವನ್ನು ನಾವು ದಿನವೂ ಅನುಭವಿಸುತ್ತೇವೆ. ನಮ್ಮಲ್ಲಿ ಕಲ್ಲಿದ್ದಲ ಗಣಿಯಿಲ್ಲ. ರಾಯಚೂರಿನ ಉಷ್ಣ ವಿದ್ಯುತ್ ಸ್ಥಾವರಕ್ಕೆ ಹೊರ ರಾಜ್ಯಗಳಿಂದ ಕಲ್ಲಿದ್ದಲು ಬರಬೇಕು. ಇಂದಿರಾನಗರದ ಫ್ಯಾನು ತಿರುಗುವುದರಲ್ಲಿ ಗ್ಲಾಸಾಪ್ಟೆರಿಸ್ ಕಾಡಿನ ಪಾಲೂ ಇದೆ. ನೀರಿನ ಮಾತೂ ಅಷ್ಟೆ. ಮರಳುಗಲ್ಲಿನ ಪದರ ಕಣಗಳ ಸಂದಿಯಲ್ಲಿ ನೀರನ್ನು ಹಿಡಿದಿಡುತ್ತದೆ. ನೈಸ್ ಶಿಲೆಯಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ, ಕೆಳಗೆ ಬಿರುಕುಗಳಲ್ಲಿ ಮಾತ್ರ. ಬಿರುಕು ಸಿಗದಿದ್ದರೆ ಸಾವಿರ ಅಡಿ ಕೊರೆದರೂ ಧೂಳೇ. 2024ರ ಬೇಸಗೆಯಲ್ಲಿ ಕೆ.ಆರ್. ಪುರ, ವೈಟ್‌ಫೀಲ್ಡ್ ಕಡೆ ಕೊಳವೆಬಾವಿಗಳು ಬತ್ತಿ ಜನ ಟ್ಯಾಂಕರಿಗೆ ಕಾದದ್ದು ನೆನಪಿರಬಹುದು. ಮಳೆ ಕೈಕೊಟ್ಟದ್ದು ನಿಜ. ಆದರೆ ಕೂಡಿಡಲು ಕಲ್ಲಿನಲ್ಲೂ ಜಾಗ ಕಡಿಮೆ. ಇಂಥ ನೆಲದಲ್ಲಿ ಕೆರೆ ಕಟ್ಟಿ ನೀರು ನಿಲ್ಲಿಸಿದ ಹಿರಿಯರು ಕಲ್ಲಿನ ಗುಣ ಬಲ್ಲವರೇ ಇರಬೇಕು.

ಹುಡುಗ ಕೇಳಿದ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಮಕ್ಕಳು ಕಲ್ಲು ಹೆಕ್ಕಿ ತಂದರೆ ತಂದೆತಾಯಿಯರು ಕಸವೆಂದು ಎಸೆಯದಿರಲಿ. ಸಿಕ್ಕಿದ ಜಾಗ, ದಿನಾಂಕ ಬರೆದ ಚೀಟಿಯೊಂದನ್ನು ಅದಕ್ಕೆ ಅಂಟಿಸಿ ಇಡಲಿ. ಹಲಸೂರಿನ ಚೂರಿನ ಚೀಟಿಯಲ್ಲಿ ಹೀಗೆ ಬರೆಯಬಹುದು: ನೈಸ್ ಶಿಲೆ, ವಯಸ್ಸು ಸುಮಾರು 300 ಕೋಟಿ ವರ್ಷ, ಎಲೆಗಳಿಗಿಂತ ಹಳೆಯದು.